ಸೊಪ್ಪು ಕಟ್ಟುವ ಕೈ

ಹುಣಸೂರು ದಾಟಿದ ಮೇಲೆ ಕಾರಿನ ಕಿಟಕಿ ಇಳಿಸಬೇಡಿ ಅಂತ ಮಗಳು ಹೇಳಿದ್ದಳು. ನನಗೆ ಶೀತವಾಗುತ್ತದಂತೆ. ಎಪ್ಪತ್ತೆಂಟು ವರ್ಷದವನಿಗೆ ಅಷ್ಟಾದರೂ ಹಟ ಬೇಡವೇ ಎಂದುಕೊಂಡು ಇಳಿಸಿದೆ. ಇಳಿಸಿದ್ದೇ ತಡ, ಆ ವಾಸನೆ ಒಳಗೆ ನುಗ್ಗಿತು. ಹೊಗೆಸೊಪ್ಪಿನ ಹಸಿ ಎಲೆ ಬಿಸಿಗೆ ಬಾಡಿ ಹಳದಿಯಾಗುವಾಗಿನ ವಾಸನೆ ಅದು. ಅರ್ಧ ಬೆಲ್ಲದ್ದು, ಅರ್ಧ ಒದ್ದೆ ಹುಲ್ಲಿನದು, ಹಿಂದಿನಿಂದ ಸೌದೆಯ ಹೊಗೆ. ರಸ್ತೆಯ ಪಕ್ಕದ ಹೊಲದಲ್ಲಿ ಬ್ಯಾರನ್ ಕಾಣಿಸಿತು. ಸೊಪ್ಪನ್ನು ಬೇಯಿಸಿ ಹದ ಮಾಡುವ, ಎತ್ತರದ ಗೋಡೆಯ ಮನೆ. ಅದರ ಮುಂದೆ ತೆಂಗಿನಗರಿಯ ಚಪ್ಪರ, ಚಪ್ಪರದ ಕೆಳಗೆ ಕೂತು ಸೊಪ್ಪು ಕಟ್ಟುತ್ತಿದ್ದ ನಾಲ್ಕೈದು ಹೆಂಗಸರು.

"ನಿಲ್ಲಿಸು" ಅಂದೆ.

"ಮಡಿಕೇರಿಗೆ ಊಟದ ಹೊತ್ತಿಗೆ ಸೇರಬೇಕಪ್ಪ" ಅಂದಳು. ಆದರೂ ನಿಲ್ಲಿಸಿದಳು. ನನ್ನನ್ನು ಕಾರಿನಿಂದ ಇಳಿಸುವುದೇ ಒಂದು ಕೆಲಸ. ಮೂರು ವರ್ಷದಿಂದ ನನಗೆ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗುತ್ತದೆ, ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಮುಖವಂತೂ ಒಣಗಿದ ಗಾರೆ. ಮೊಮ್ಮಗ ಜೋಕು ಹೇಳಿ ನನ್ನ ಮುಖ ನೋಡುತ್ತಾನೆ, ಏನೂ ಕಾಣದೆ ಎದ್ದು ಹೋಗುತ್ತಾನೆ. ಡಾಕ್ಟರನಾಗಿ ಈ ಕಾಯಿಲೆಯ ಲಕ್ಷಣಗಳನ್ನು ನಾನು ಎಷ್ಟೋ ಜನಕ್ಕೆ ವಿವರಿಸಿದ್ದೇನೆ. ವಿವರಿಸುವುದು ಸುಲಭ.

ಚಪ್ಪರದ ಕಡೆಗೆ ಕಾಲೆಳೆದುಕೊಂಡು ಹೋಗುವಾಗ ನನಗೆ ನೆನಪಾದದ್ದು ಒಂದೇ ಮುಖ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಇದೇ ಸೀಮೆಯಲ್ಲಿ, ಇದೇ ಸೊಪ್ಪಿನ ಕಾಲದಲ್ಲಿ ನಾನು ಕಂಡ ಚಿಕ್ಕತಾಯಿಯ ಮುಖ.

ಆಗ ನನಗೆ ಇಪ್ಪತ್ತಾರು. ಆಸ್ಪತ್ರೆ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಎಲ್ಲೋ ಇತ್ತು ಅಂದುಕೊಳ್ಳಿ, ಊರಿನ ಹೆಸರು ಬೇಡ. ಹತ್ತು ಹಾಸಿಗೆ, ಒಂದು ಜಗಲಿ, ಜಗಲಿಯ ಮುಂದೆ ಹೊಂಗೆ ಮರ. ಡಾಕ್ಟರು ಅಂತ ನಾನೊಬ್ಬ. ನರ್ಸು ಅಂತ ಮಾನಂತವಾಡಿ ಕಡೆಯಿಂದ ಬಂದಿದ್ದ ಸಿಸ್ಟರ್ ಏಲಿ. ಔಷಧಿ ಕೊಡಲು ಕಾಂಪೌಂಡರ್ ನಂಜಪ್ಪ. ನಂಜಪ್ಪನವರಿಗೆ ಆಗಲೇ ಐವತ್ತು ದಾಟಿತ್ತು, ನನ್ನಂಥ ಆರೇಳು ಡಾಕ್ಟರನ್ನು ಬರಮಾಡಿಕೊಂಡು ಕಳಿಸಿಕೊಟ್ಟಿದ್ದರು. ಹಾವು ಕಡಿದವರು, ಹೆರಿಗೆಗೆ ಬಂದವರು, ಮರದಿಂದ ಬಿದ್ದವರು ಎಲ್ಲರೂ ನಮ್ಮಲ್ಲಿಗೇ ಬರಬೇಕು. ತಲೆ ಕೆಟ್ಟವರೂ ಅಷ್ಟೆ. ಮನಸ್ಸಿನ ಡಾಕ್ಟರು ಬೇಕೆಂದರೆ ಮೈಸೂರಿಗೆ ಹೋಗಬೇಕು. ದಿನಕ್ಕೆ ಎರಡು ಬಸ್ಸು, ಮಳೆ ಬಂದರೆ ಒಂದು. ಕಟ್ಟಿಹಾಕಿದ ರೋಗಿಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರು ಒಪ್ಪುತ್ತಿರಲಿಲ್ಲ.

ಆ ವಿಷಯದಲ್ಲಿ ನನ್ನ ಪಾಂಡಿತ್ಯವನ್ನೂ ಹೇಳಿಬಿಡುತ್ತೇನೆ. ಓದುವಾಗ ಎರಡು ವಾರ ಮನೋರೋಗದ ವಾರ್ಡಿಗೆ ಹಾಕಿದ್ದರು. ಅದರಲ್ಲಿ ಒಂದು ವಾರ ನನಗೆ ಕಣ್ಣುಬೇನೆ ಬಂದಿತ್ತು.

ನಮ್ಮ ಹತ್ತಿರ ಇದ್ದದ್ದು ಒಂದೇ ಮಾತ್ರೆ, ಕ್ಲೋರ್‌ಪ್ರೊಮಝೈನ್. ಆ ಹೆಸರು ಹೇಳಲು ನಾಲಿಗೆ ತಿರುಗದೆ ಊರಿನವರು ಶಾಂತಿ ಮಾತ್ರೆ ಅನ್ನುತ್ತಿದ್ದರು. ಕೂಗಾಡುವವರಿಗೆ ಒಂದು, ಕೂಗಾಟ ನಿಲ್ಲದಿದ್ದರೆ ಎರಡು. ಸುಮ್ಮನಾದರೆ ಗುಣವಾಯಿತು ಅಂತ ಬರೆದು ಮನೆಗೆ ಕಳಿಸುವುದು. ಹೊರಗೆ ಜಗಲಿ ತುಂಬ ಜನ ಕೆಮ್ಮುತ್ತ ಕೂತಿರುವಾಗ ಗಲಾಟೆ ಮಾಡದ ರೋಗಿಯೇ ಒಳ್ಳೆಯ ರೋಗಿ. ಇದು ತಪ್ಪು ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಚಿಕ್ಕತಾಯಿಯನ್ನು ಕರೆತಂದದ್ದು ಊರಿನಲ್ಲಿ ಆ ವರ್ಷದ ಮೊದಲ ಬ್ಯಾರನ್ನಿಗೆ ಬೆಂಕಿ ಹಾಕಿದ ವಾರ. ಎತ್ತಿನ ಗಾಡಿಯಲ್ಲಿ ಅವಳ ಗಂಡ, ಅತ್ತೆ ಕೆಂಪಮ್ಮ, ಅತ್ತೆಯ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಚಿಕ್ಕತಾಯಿಯ ಎರಡೂ ಕೈ ಕಟ್ಟಿದ್ದರು. ಕಟ್ಟಿದ್ದು ಸೊಪ್ಪು ಕಟ್ಟುವ ಹುರಿಯಿಂದಲೇ.

"ಬಾಣಂತನ ಮುಗಿಯೋ ಒತ್ಗೆ ಸುರುವಾಯ್ತು ಸಾ" ಅಂದಳು ಕೆಂಪಮ್ಮ. "ಬ್ಯಾರನ್ನೇ ಕೂಗಿ ಮಗ ಕೊಡು ಅಂತ ಕೇಳ್ತಾ ಅದೆ ಅಂತಾಳೆ. ನೆನ್ನೆ ಮಗ ಎತ್ಕೊಂಡು ಕೆರೆ ಏರಿ ಮ್ಯಾಲೆ ಓಡ್ಬುಟ್ಲು. ಇವ್ನು ಓಗಿ ಇಡ್ಕೊಂಡಿಲ್ದೆ ಓಗಿದ್ರೆ..." ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೆಂಪಮ್ಮನನ್ನು ಕೆಟ್ಟ ಅತ್ತೆ ಅಂತ ಯಾರೂ ತಿಳಿಯಬೇಡಿ. ಸೊಸೆಯ ಕೈಗೆ ಹುರಿ ಬಿಗಿದವಳೂ ಅವಳೇ, ದಾರಿಯುದ್ದಕ್ಕೂ ಆ ಕೈಗೆ ಹರಳೆಣ್ಣೆ ಸವರಿಕೊಂಡು ಬಂದವಳೂ ಅವಳೇ. ಚಿಕ್ಕತಾಯಿ ಕೆ.ಆರ್. ನಗರದ ಕಡೆಯ ಭತ್ತದ ಗದ್ದೆಯ ಹುಡುಗಿ. ಮದುವೆಯಾಗಿ ಬರುವ ತನಕ ಹೊಗೆಸೊಪ್ಪಿನ ಗಿಡವನ್ನೇ ನೋಡಿರಲಿಲ್ಲ. ಎರಡೇ ವರ್ಷದಲ್ಲಿ ಗಂಡನ ಕೊಪ್ಪಲಿನಲ್ಲಿ ಅವಳಷ್ಟು ಚುರುಕಾಗಿ ಸೊಪ್ಪು ಕಟ್ಟುವವರು ಇಲ್ಲ ಅನ್ನಿಸಿಕೊಂಡಿದ್ದಳು. ಅದನ್ನು ಹೇಳುವಾಗ ಕೆಂಪಮ್ಮನ ದನಿಯಲ್ಲಿ ಜಂಬವಿತ್ತು. ಹೊರಡುವಾಗ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಸೊಪ್ಪಿನ್ ಕಾಲ ಮುಗಿಯೋದ್ರೊಳ್ಗೆ ಉಸಾರ್ ಮಾಡ್ಕೊಡಿ ಸಾ. ಆಗ್ನಿಲ್ಲ ಅಂದ್ರೆ ತವ್ರಿಗೆ ಕಳಿಸ್ಬುಡ್ತೀವಿ. ಮಗ ನಮ್ತಾವೇ ಇರ್ತದೆ. ಇನ್ನೊಂದ್ ದಪ ಕೆರೆ ಏರಿ ತನ್ಕ ಓಡಕ್ಕೆ ನನ್ ಕೈಲಾಗಕಿಲ್ಲ."

ಮಾತ್ರೆ ಕೆಲಸ ಮಾಡಿತು. ಅದನ್ನು ಮರೆಮಾಚಬಾರದು. ಹತ್ತು ಹನ್ನೆರಡು ದಿನದಲ್ಲಿ ಬ್ಯಾರನ್ನಿನ ದನಿ ನಿಂತಿತು. ಚಿಕ್ಕತಾಯಿ ಊಟ ಮಾಡಿದಳು, ತಲೆ ಬಾಚಿಸಿಕೊಂಡಳು, ಮಗಳು ಎಲ್ಲಿ ಅಂತ ಕೇಳಿದಳು. ನಾನು ಬೀಗಿದೆ. ಎರಡು ವಾರದ ಪಾಂಡಿತ್ಯದಲ್ಲಿ ಇಷ್ಟು ಮಾಡಿದೆನಲ್ಲ ಅಂತ ಮೈಸೂರಿನ ಗೆಳೆಯನಿಗೆ ಕಾಗದ ಬರೆದೆ.

ಆಮೇಲೆ ಅವಳು ನಡೆಯಲು ಶುರು ಮಾಡಿದಳು. ಜಗಲಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಕೂತರೆ ಏಳುತ್ತಾಳೆ, ಎದ್ದರೆ ನಿಂತಲ್ಲೇ ಕಾಲು ಬದಲಾಯಿಸುತ್ತಾಳೆ. ಅನ್ನದ ತಟ್ಟೆ ಕೈಯಲ್ಲಿ ಹಿಡಿದೇ ನಡೆಯುತ್ತಾಳೆ. ಹೊರಗಿನ ರೋಗಿಗಳು ಅವಳನ್ನು ನೋಡಿ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಕಾಯಿಲೆ ಮರಳಿತು ಅಂದುಕೊಂಡೆ. ಎರಡು ಮಾತ್ರೆಯನ್ನು ನಾಲ್ಕು ಮಾಡಿದೆ. ನಡಿಗೆ ಇನ್ನೂ ಹೆಚ್ಚಾಯಿತು. ಆರು ಮಾಡಿದೆ.

ಆರಕ್ಕೆ ನಿಂತಳು. ನಿಂತದ್ದು ಹೇಗೆಂದರೆ, ಕೂರಿಸಿದಲ್ಲಿ ಕೂತಳು, ಮಲಗಿಸಿದಲ್ಲಿ ಮಲಗಿದಳು. ಬಾಯಿಯ ಮೂಲೆಯಲ್ಲಿ ಜೊಲ್ಲು, ಬೆರಳುಗಳಲ್ಲಿ ಸಣ್ಣ ನಡುಕ. ನಂಜಪ್ಪನವರು "ಈಗ ನೋಡಿ ಸಾರ್, ಹಸು ಇದ್ದಂಗವ್ಳೆ" ಅಂತ ಮೆಚ್ಚಿಕೊಂಡರು. ನಾನು ಕೇಸ್ ಷೀಟಿನಲ್ಲಿ ಬರೆದೆ: ಶಾಂತವಾಗಿದ್ದಾಳೆ. ಅದರ ಕೆಳಗೆ ಇನ್ನೊಂದು ಸಾಲು ಬರೆದೆ, ಆ ಸಾಲು ಇವತ್ತಿಗೂ ನನ್ನ ಕಣ್ಣಮುಂದಿದೆ: ಮುಖದಲ್ಲಿ ಯಾವ ಭಾವನೆಯೂ ಇಲ್ಲ.

ಸಂತೆಯ ದಿನ ಕೆಂಪಮ್ಮ ಮಗುವನ್ನು ಕರೆತಂದಳು. ಹಿಂದಿನ ರಾತ್ರಿ ಮಳೆ ಬಿದ್ದು ಹೊಂಗೆ ಮರದ ಕೆಳಗೆ ಕೆಸರಾಗಿತ್ತು, ಆದ್ದರಿಂದ ಜಗಲಿಯ ಮೇಲೆಯೇ ಕೂತರು. ಮಗುವನ್ನು ತಾಯಿಯ ಮುಂದೆ ಹಿಡಿದರು. ಆ ವಯಸ್ಸಿನ ಮಕ್ಕಳು ಮುಖ ನೋಡಿಯೇ ನಗುವುದು, ಮುಖ ನೋಡಿಯೇ ಅಳುವುದು. ಮಗು ನೋಡಿತು. ನಕ್ಕಿತು. ಕಾದಿತು. ಮತ್ತೆ ನಕ್ಕಿತು. ಎದುರಿನ ಮುಖ ಅಲುಗಲಿಲ್ಲ, ರೆಪ್ಪೆ ಕೂಡ ಬಡಿಯಲಿಲ್ಲ. ಮಗು ಕೈ ಚಾಚಿ ತಾಯಿಯ ಕೆನ್ನೆ ಮುಟ್ಟಿತು, ಆಮೇಲೆ ತುಟಿ ಸೊಟ್ಟ ಮಾಡಿ ಅಳಲು ಶುರು ಮಾಡಿತು. ಅಂಥ ಅಳುವನ್ನು ನಾನು ಇಂಜೆಕ್ಷನ್ ಚುಚ್ಚಿದಾಗಲೂ ಕೇಳಿರಲಿಲ್ಲ.

ಕೆಂಪಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕೋಣೆಗೆ ಬಂದಳು. "ಮಕದಾಗೆ ಜೀವವೇ ಇಲ್ವಲ್ಲ ಸಾ. ಎತ್ತ ಮಗ ಅಂಗ್ ಅತ್ರೂ ಕಲ್ ಕುಂತಂಗೆ ಕುಂತವ್ಳೆ. ಏನಾಗದೆ ಅವ್ಳಿಗೆ?"

ಗೊತ್ತಿಲ್ಲ ಅನ್ನಬೇಕಾಗಿತ್ತು. ಇಪ್ಪತ್ತಾರರ ಡಾಕ್ಟರಿಗೆ ಆ ಒಂದು ಪದ ಬಾಯಿಗೆ ಬರುವುದಿಲ್ಲ. "ಕಾಯಿಲೆ ಜಾಸ್ತಿಯಾಗಿದೆ. ಸದ್ಯಕ್ಕೆ ಮಗುವನ್ನು ದೂರ ಇಡಿ" ಅಂದೆ.

ಕೆಂಪಮ್ಮ ತಲೆಯಾಡಿಸಿ ಹೋದಳು. ಮುಂದಿನ ಸಂತೆಗೆ ಮಗು ಬರಲಿಲ್ಲ. ಅದರ ಮುಂದಿನದಕ್ಕೆ ಗಂಡನೂ ಬರಲಿಲ್ಲ. ಚಿಕ್ಕತಾಯಿಯ ತವರಿಗೆ ಹೇಳಿಕಳಿಸಿದ್ದಾರಂತೆ ಅಂತ ನಂಜಪ್ಪನವರು ಸುದ್ದಿ ತಂದರು.

ಸಿಸ್ಟರ್ ಏಲಿ ಮಾತಿನವರಲ್ಲ. ಮಾಡಬೇಕಾದ್ದನ್ನು ಮಾಡುವುದು, ಮುಗಿದ ಮೇಲೆ ಕೈ ತೊಳೆದುಕೊಳ್ಳುವುದು, ಅಷ್ಟೆ. ಒಂದು ಬೆಳಿಗ್ಗೆ ನಾನು ಔಷಧಿಯ ಪಟ್ಟಿ ಬರೆಯುತ್ತಿದ್ದಾಗ ಎದುರಿಗೆ ಬಂದು ನಿಂತರು.

"ಡಾಕ್ಟರೇ, ಆ ಹುಡುಗಿ ನಡೀತಾ ಇದ್ದಳಲ್ಲ, ಆವಾಗ ನೀವು ಅವಳನ್ನ ಏನಾದ್ರೂ ಕೇಳಿದ್ರಾ?"

"ಏನು ಕೇಳೋದು?"

"ನಾನು ಕೇಳಿದ್ದೆ. ಓಡ್ತಾ ಇರೋದು ಮನಸ್ಸಾ, ಕಾಲಾ ಅಂತ. ಕಾಲು ಅಂದಳು."

ನಾನು ಪೆನ್ನು ಕೆಳಗಿಟ್ಟೆ. ಆಗಲೇ ಯಾಕೆ ಹೇಳಲಿಲ್ಲ ಅಂತ ರೇಗಿದೆ. ನೀವು ಬರೀತಾ ಇದ್ದಿರಿ ಅಂದರು, ಅಷ್ಟೆ.

ಇಬ್ಬರೂ ಅವಳ ಹಾಸಿಗೆಯ ಹತ್ತಿರ ಹೋದೆವು. ಅದೇ ಪ್ರಶ್ನೆಯನ್ನು ನಾನು ಮತ್ತೆ ಕೇಳಿದೆ. ಉತ್ತರ ಬರಲು ಬಹಳ ಹೊತ್ತಾಯಿತು. ತುಟಿ ಅಲುಗದೆ ಮಾತು ಬಂತು. "ಮನ್ಸು ಸುಮ್ಕೆ ಕುಂತಿತ್ತು ಸಾ. ಕಾಲ್ ಮಾತ್ರ ಕೇಳ್ತಿರ್ನಿಲ್ಲ. ಒಳ್ಗೆ ಇರ್ವೆ ಬುಟ್ಟಂಗೆ." ಮತ್ತೆ, "ಈಗ ಮಕ ಕೇಳಕಿಲ್ಲ. ಮಗ ಬಂದಾಗ ನಗಾನ ಅಂದ್ಕೊಂಡೆ. ಆಗ್ನಿಲ್ಲ."

ಅವತ್ತು ನನಗಾದ ನಾಚಿಕೆಯನ್ನು ಏನು ಹೇಳಲಿ. ಅವಳನ್ನು ನಡೆಸಿದ್ದು ಕಾಯಿಲೆಯಲ್ಲ, ನಾನು ಕೊಟ್ಟ ಮಾತ್ರೆ. ಅದನ್ನು ಕಾಯಿಲೆ ಅಂತ ತಿಳಿದು ಇನ್ನಷ್ಟು ಮಾತ್ರೆ ಕೊಟ್ಟು, ಅವಳನ್ನು ಅವಳ ಮುಖದ ಹಿಂದೆಯೇ ಕೂಡಿಹಾಕಿದ್ದೆ. ಕೂಡಿಹಾಕಿ, ಇವಳಿಗೆ ಭಾವನೆಯಿಲ್ಲ ಅಂತ ಸಹಿಯನ್ನೂ ಹಾಕಿದ್ದೆ.

ಮರುದಿನದ ಮೊದಲ ಬಸ್ಸಿಗೆ ಮೈಸೂರಿಗೆ ಹೋದೆ. ನನಗೆ ಪಾಠ ಹೇಳಿದ್ದ ಮೇಷ್ಟ್ರು ಬೈಯಲಿಲ್ಲ, ಅದೇ ಕಷ್ಟವಾಯಿತು. "ನಿಧಾನವಾಗಿ ಇಳಿಸು. ಒಮ್ಮೆಲೇ ನಿಲ್ಲಿಸಿದರೆ ಹಳೆಯ ದನಿ ವಾಪಸು ಬರುತ್ತೆ. ಬಿಗಿ ಸಡಿಲವಾಗೋಕೆ ಈ ಬಿಳಿ ಮಾತ್ರೆ ಕೊಡು. ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದನ್ನ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಅವಳನ್ನ ದಿನಾ ನೋಡೋನು ನೀನು" ಅಂದರು.

ದಿನಾ ನೋಡುವುದು ಅಂದರೆ ಏನನ್ನು ನೋಡುವುದು? ಈ ಪ್ರಶ್ನೆಗೆ ದಾರಿ ತೋರಿಸಿದ್ದು ಚಿಕ್ಕತಾಯಿಯ ಗಂಡ. ನಾನು ಹೇಳಿಕಳಿಸಿದ್ದಕ್ಕೆ ಬಂದಿದ್ದ, ತಲೆ ಬಗ್ಗಿಸಿ ನಿಂತಿದ್ದ. ಅವಳ ಕೈ ಮೊದಲು ಹೇಗಿತ್ತು ಅಂತ ಕೇಳಿದೆ. ಮನೆಗೆ ಹೋದವನು ಮರುದಿನ ಒಂದು ಹೊರೆ ಹಸಿ ಸೊಪ್ಪು, ಆಳುದ್ದದ ನಾಲ್ಕು ಕೋಲು, ಒಂದು ಉಂಡೆ ಹುರಿ ತಂದು ಜಗಲಿಯ ಮೇಲಿಟ್ಟ. "ಕಟ್ಟಿಸಿ ನೋಡಿ ಸಾ. ಗೊತ್ತಾಯ್ತದೆ" ಅಂದ.

ಹೀಗೆ ನಮ್ಮ ಆಸ್ಪತ್ರೆಯಲ್ಲಿ ಸೊಪ್ಪು ಕಟ್ಟುವ ಪರೀಕ್ಷೆ ಶುರುವಾಯಿತು. ಯಾವ ಪುಸ್ತಕದಲ್ಲೂ ಇಲ್ಲದ ಪರೀಕ್ಷೆ. ಮೂರು ಎಲೆ ಜೋಡಿಸಿ, ತೊಟ್ಟಿಗೆ ಹುರಿ ಸುತ್ತಿ, ಕೋಲಿನ ಈ ಮಗ್ಗುಲಿಗೆ ಒಂದು ಕಟ್ಟು, ಆ ಮಗ್ಗುಲಿಗೆ ಒಂದು ಕಟ್ಟು. ನೋಡಲು ಸುಲಭ. ಮೊದಲ ದಿನ ಚಿಕ್ಕತಾಯಿಗೆ ಒಂದು ಕಟ್ಟು ಹಾಕುವಷ್ಟರಲ್ಲಿ ನನ್ನ ಅರ್ಧ ಜಗಲಿ ರೋಗಿಗಳು ಮುಗಿದಿದ್ದರು. ಅವಳ ಜೊತೆಗೆ ಕೂತು ನಾನೂ ಕಲಿಯಲು ಹೋದೆ. ಸೊಪ್ಪಿನ ಜಿಗುಟು ಕೈಗೆ ಕಪ್ಪಗೆ ಮೆತ್ತಿಕೊಂಡು, ಆ ದಿನ ಊಟವೆಲ್ಲ ಕಹಿ. ಡಾಕ್ಟರಿಗೂ ತಲೆ ಕೆಟ್ಟಿತು ಅಂತ ಜನ ನಕ್ಕರು. ದಿನ ಬಿಟ್ಟು ದಿನ ಕಟ್ಟಿದಳು. ಮಾತ್ರೆ ಆರರಿಂದ ಐದು, ನಾಲ್ಕು, ಮೂರು. ಎರಡೂವರೆಗೆ ಬಂದಾಗ ಬೆರಳು ಓಡತೊಡಗಿತು. ನನ್ನ ಒಂದು ಕೋಲು ಅರ್ಧವಾಗುವುದರೊಳಗೆ ಅವಳದು ಎರಡು. ಬ್ಯಾರನ್ನಿನ ದನಿ ಬರಲಿಲ್ಲ. ದಿನಾ ಬೆಳಿಗ್ಗೆ ಸಿಸ್ಟರ್ ಕೇಳುತ್ತಿದ್ದರು, ಇಲ್ಲ ಕಣಕ್ಕ ಅನ್ನುತ್ತಿದ್ದಳು. ಎರಡೂವರೆಗೆ ನಿಲ್ಲಿಸಿದೆವು.

ಇನ್ನು ಉಳಿದದ್ದು ಮಗು. "ಉಸಾರಾಗವ್ಳೆ ಅಂತ ಹೇಳಿ ಕಳಿಸ್ಬುಡಿ, ಸಾಕು" ಅಂದರು ನಂಜಪ್ಪ. "ಮಾತ್ರೆಯಿಂದ ಹಿಂಗಾಯ್ತು, ನಾನೇ ತಪ್ಪು ಮಾಡ್ದೆ ಅಂತ ಮಾತ್ರ ಅನ್ಬೇಡಿ ಸಾರ್. ನಾಳೆಯಿಂದ ಈ ಸೀಮೇಲಿ ಯಾರೂ ಮಾತ್ರೆ ನುಂಗಲ್ಲ." ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಬರೀ ಹುಷಾರಾಗಿದ್ದಾಳೆ ಅಂದರೆ ಅವಳ ತಲೆಯ ಮೇಲೆ ಎರಡು ಸಲ ಹುಚ್ಚು ಬಂದವಳು ಅನ್ನುವ ಹೊರೆ ಉಳಿಯುತ್ತದೆ. ಮೂರನೆಯ ಸಲಕ್ಕೆ ಹೆದರಿ ಕೆಂಪಮ್ಮ ಮಗುವನ್ನು ಕೊಡುವುದಿಲ್ಲ. ಎರಡನೆಯ ಸಲದ್ದು ನನ್ನದು ಅಂತ ನಾನೇ ಹೇಳಬೇಕು.

ಭಾನುವಾರ ಮಧ್ಯಾಹ್ನ ಚಿಕ್ಕತಾಯಿಯನ್ನು ಕರೆದುಕೊಂಡು ಕೊಪ್ಪಲಿಗೆ ಹೋದೆ. ಸೊಪ್ಪಿನ ಕಾಲ ಮುಗಿಯುತ್ತ ಬಂದಿತ್ತು, ಕೊನೆಯ ಬ್ಯಾರನ್ನಿಗೆ ಕಟ್ಟುತ್ತಿದ್ದರು. ಚಪ್ಪರದ ಕೆಳಗೆ ಏಳೆಂಟು ಹೆಂಗಸರು. ಕೆಂಪಮ್ಮನ ಸೊಂಟದ ಮೇಲೆ ಮಗು. ಸೊಸೆಯನ್ನು ಕಂಡು ಕೆಂಪಮ್ಮ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು.

ನಾನು ನಿಂತುಕೊಂಡೇ ಹೇಳಿದೆ. "ನೋಡಮ್ಮ, ಅವತ್ತು ಕಾಯಿಲೆ ಜಾಸ್ತಿಯಾಗಿದೆ ಅಂದೆನಲ್ಲ, ಅದು ಸುಳ್ಳು. ಕಾಯಿಲೆ ಕಡಿಮೆಯಾಗಿತ್ತು. ನಾನು ಅಳತೆ ಮೀರಿ ಮಾತ್ರೆ ಕೊಟ್ಟಿದ್ದಕ್ಕೆ ಅವಳ ಮುಖ ಹಾಗಾಗಿತ್ತು. ತಪ್ಪು ನನ್ನದು, ಅವಳದಲ್ಲ. ಸರಿಯಾದ ಅಳತೆಯ ಮಾತ್ರೆ ಇನ್ನೂ ಕೆಲವು ತಿಂಗಳು ಬೇಕು. ಅದನ್ನ ನಿಲ್ಲಿಸಬೇಡಿ."

ಕೆಂಪಮ್ಮ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಅವತ್ತೂ ನೀವೇ ಯೋಳಿದ್ರಿ, ಇವತ್ತೂ ನೀವೇ ಯೋಳ್ತಿದ್ದೀರಿ. ನಂಗೆ ಮಾತು ಬ್ಯಾಡ ಬುಡಿ. ಅಲ್ಲಿ ಕೋಲದೆ, ಸೊಪ್ಪದೆ. ಕಟ್ಲಿ ನೋಡಾನ."

ಚಿಕ್ಕತಾಯಿ ಕೂತಳು. ನನಗೆ ನಿಂತು ನೋಡುವ ಧೈರ್ಯ ಸಾಲಲಿಲ್ಲ. ನಾನೂ ಒಂದು ಕೋಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಅವಳ ಕೈ ಕಟ್ಟುತ್ತ ಹೋಯಿತು, ಎಲೆಯೇ ಬಂದು ಬೆರಳಿಗೆ ಸೇರುವ ಹಾಗೆ. ಕೋಲು ತುಂಬಿದ ಮೇಲೆ ಎತ್ತಿ, ಕೋಲುಗಳನ್ನು ತೂಗಿಹಾಕುವ ಚೌಕಟ್ಟಿಗೆ ಇಟ್ಟಳು. ಒಂದು ಎಲೆಯೂ ಅಲುಗಲಿಲ್ಲ. ನಾನೂ ನನ್ನದನ್ನು ಎತ್ತಿದೆ. ಕಟ್ಟಿದ್ದಷ್ಟೂ ಸೊಪ್ಪು ಒಂದೊಂದಾಗಿ ಜಾರಿ ನನ್ನ ಪ್ಯಾಂಟಿನ ಮೇಲೆ ಬಿತ್ತು. ಕೈಯಲ್ಲಿ ಬರೀ ಕೋಲು ಉಳಿಯಿತು.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ನಗುವಿನ ನಡುವೆ ಇನ್ನೊಂದು ನಗು ಎದ್ದಿತು, ನನಗೆ ಗೊತ್ತಿಲ್ಲದ್ದು. ಮೂರು ತಿಂಗಳು ದಿನಾ ನೋಡಿದ್ದರೂ ಅವಳ ನಗು ನಾನು ಕೇಳಿರಲಿಲ್ಲ. ಚಿಕ್ಕತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹುಬ್ಬು ಮೇಲೆ ಹೋಗಿತ್ತು, ಕಣ್ಣು ಮುಚ್ಚಿಹೋಗಿತ್ತು. "ಅಂಗಲ್ಲ ಸಾ, ಎಷ್ಟ್ ದಪ ಯೋಳ್ಕೊಟ್ಟೆ ನಿಮ್ಗೆ!"

ಕೆಂಪಮ್ಮನ ಸೊಂಟದಲ್ಲಿದ್ದ ಮಗು ಆ ಮುಖವನ್ನೇ ನೋಡುತ್ತಿತ್ತು. ಬಹಳ ಹೊತ್ತು ನೋಡಿತು. ಆಮೇಲೆ ಅದರ ಬಾಯಿಯೂ ಅಗಲವಾಯಿತು, ಎರಡು ಕೈಯನ್ನೂ ಮುಂದಕ್ಕೆ ಚಾಚಿತು.

ಚಿಕ್ಕತಾಯಿ ಎದ್ದಳು, ಜಿಗುಟು ಮೆತ್ತಿದ ಕೈ ನೋಡಿಕೊಂಡು ಅಲ್ಲೇ ನಿಂತಳು. ಕೆಂಪಮ್ಮ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದಳು: "ಕೈ ತೊಳ್ಕೊ ಬಾ ಓಗು. ಕಹಿ ಕೈಲಿ ಮಗ ಎತ್ಕೊಂಡೀಯ."

ಮುಂದಿನ ವರ್ಷದ ಮಳೆಗೆ ಮುಂಚೆ ನನಗೆ ವರ್ಗವಾಯಿತು. ಸಿಸ್ಟರ್ ಏಲಿ ಹೆಗ್ಗಡದೇವನಕೋಟೆಯ ಕಡೆಗೆ ಹೋದರು ಅಂತ ಕೇಳಿದೆ. ಆಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ, ಪಕ್ಕದ ಕೋಣೆಯಲ್ಲೇ ಮನೋವೈದ್ಯರು ಇರುತ್ತಿದ್ದರು. ಆದರೆ ಆ ಜಗಲಿಯ ಬೆಳಗುಗಳಿಗೆ ನನ್ನ ಜೀವ ಇಂದಿಗೂ ಹಂಬಲಿಸುತ್ತದೆ. ಒದ್ದೆ ಹೊಂಗೆ ಮರ, ಸಿಸ್ಟರ್ ಕೈ ತೊಳೆಯುವ ಸದ್ದು, ನನ್ನ ಕೈ ಹಿಡಿದು ಹುರಿ ಸುತ್ತುವುದನ್ನು ಕಲಿಸುತ್ತಿದ್ದ ರೋಗಿ. ಅಷ್ಟು ಗಮನವಿಟ್ಟು ನಾನು ಆಮೇಲೆ ಯಾರನ್ನೂ ನೋಡಲಿಲ್ಲವೇನೋ.

ಈಗ ರಸ್ತೆಬದಿಯ ಈ ಚಪ್ಪರದ ಹೆಂಗಸರನ್ನು ಕೇಳಿದೆ. ಕೆಂಪಮ್ಮ, ಚಿಕ್ಕತಾಯಿ, ಹೀಗೆ ಒಂದು ಮನೆ ಇತ್ತಲ್ಲ ಅಂತ. ಅವರಲ್ಲಿ ಹಿರಿಯಳಾದವಳು ಯೋಚಿಸಿ, ಆ ಮನೆಯವರು ಮಗಳ ಮದುವೆಯಾದ ಮೇಲೆ ಗಾವಡಗೆರೆ ಕಡೆಗೆ ಹೋದರಂತೆ, ಅದೂ ಬಹಳ ವರ್ಷವಾಯಿತು ಅಂದಳು. ಇದ್ದಾರೋ ಇಲ್ಲವೋ ಅವಳಿಗೆ ತಿಳಿಯದು. ನನಗೂ ತಿಳಿಯದು. ತಿಳಿದಿದ್ದರೆ ಮಡಿಕೇರಿಯ ಊಟ ಬಿಟ್ಟು ಅತ್ತ ಹೋಗುತ್ತಿದ್ದೆ.

"ನಾನೂ ಸೊಪ್ಪು ಕಟ್ಟುತ್ತಿದ್ದೆ" ಅಂದೆ. ನಂಬಲಿಲ್ಲ. ಒಬ್ಬಳು ತಮಾಷೆಗೆ ಕೋಲನ್ನು ನನ್ನ ಮುಂದಿಟ್ಟಳು. ಮಗಳು ಬೇಡಪ್ಪ ಅನ್ನುತ್ತಿದ್ದ ಹಾಗೆಯೇ ಕೂತೆ. ಮೂರು ಎಲೆ ಜೋಡಿಸಿದೆ. ಕೈ ನಡುಗಿ ಒಂದು ಬಿತ್ತು. ಮತ್ತೆ ಜೋಡಿಸಿದೆ. ಹುರಿ ಸುತ್ತಿ ಎತ್ತಿದೆ. ಎಲ್ಲವೂ ಜಾರಿ ನನ್ನ ಕಾಲ ಮೇಲೆ ಬಿತ್ತು, ಐವತ್ತು ವರ್ಷದ ಹಿಂದೆ ಬಿದ್ದ ಹಾಗೆಯೇ. ಹೆಂಗಸರು ಗೊಳ್ಳೆಂದರು. ನನಗೆ ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂತು, ಬಹಳ ದಿನದ ಮೇಲೆ ಬಂದ ನಗು.

ಆದರೆ ಅವರು ನನ್ನ ಮುಖ ನೋಡಿ ಥಟ್ಟನೆ ಸುಮ್ಮನಾದರು. ಕೋಲು ಕೊಟ್ಟವಳು ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಯಜಮಾನ್ರಿಗೆ ಕ್ವಾಪ ಬಂತೇನವ್ವ?"

ಮಗಳು ನನ್ನ ಹೆಗಲ ಮೇಲೆ ಕೈ ಇಟ್ಟಳು. "ಇಲ್ಲಮ್ಮ" ಅಂದಳು, "ಅವರು ನಗ್ತಾ ಇದಾರೆ."

ಆ ಸಂತೆಯ ದಿನ, ಮಗು ಅಳುತ್ತಿದ್ದಾಗ, ಚಿಕ್ಕತಾಯಿಯ ಹೆಗಲ ಮೇಲೆ ಕೈ ಇಟ್ಟು ಆ ಮಾತು ಹೇಳಬೇಕಾಗಿದ್ದವನು ನಾನು.